ಕಾರ್ ಶೆಡ್ಡಿನ ತಗಡು ಬಾಗಿಲಿಗೆ ಹೊಸ ಬಣ್ಣ: ಕೆಳಗಿನ ಒಂದಡಿಯ ಲೆಕ್ಕ

ಕಾಸರಗೋಡು ಜಿಲ್ಲೆಯ ಕರಾವಳಿಯಲ್ಲಿ ಮಂಜೇಶ್ವರದಿಂದ ಕುಂಬಳೆಯವರೆಗೆ ಹೆದ್ದಾರಿ ಬದಿಯ ಮನೆಗಳ ಕಾರ್ ಶೆಡ್ಡುಗಳನ್ನು ನೋಡುತ್ತ ಬಂದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಬಾಗಿಲಿನ ಮೇಲಿನ ಏಳಡಿಗೆ ದೊಡ್ಡ ತೊಂದರೆ ಇರುವುದಿಲ್ಲ, ಬಣ್ಣ ಮಾಸಿರುತ್ತದೆ ಅಷ್ಟೆ. ಕೆಳಗಿನ ಒಂದಡಿಯಲ್ಲಿ ಮಾತ್ರ ಬಣ್ಣ ಗುಳ್ಳೆ ಎದ್ದು, ಅಂಚು ಸವೆದು, ಅಲ್ಲಲ್ಲಿ ತೂತು ಬಿದ್ದಿರುತ್ತದೆ. ಆದರೂ ಬಣ್ಣ ಬಳಿಸುವಾಗ ಇಡೀ ಬಾಗಿಲಿಗೆ ಒಂದೇ ಅಳತೆ: ಒಂದು ಸಲ ಎಮರಿ ಪೇಪರ್, ಒಂದು ಕೈ ರೆಡ್ ಆಕ್ಸೈಡ್ ಪ್ರೈಮರ್ (ಅಡಿಬಣ್ಣ), ಎರಡು ಕೈ ಎನಾಮಲ್. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕೆಳಗಿನ ಅಂಚು ಮತ್ತೆ ಕೆಂಪಾಗುತ್ತದೆ, ಬೈಗುಳ ಪೈಂಟ್ ಕಂಪೆನಿಗೆ ಸಿಗುತ್ತದೆ. ಕಂಪೆನಿಯ ತಪ್ಪು ಇದರಲ್ಲಿ ಬಹಳ ಕಡಿಮೆ. ಸಮಯವನ್ನೂ ದುಡ್ಡನ್ನೂ ಆ ಒಂದಡಿಗೆ ಸುರಿಯಬೇಕು, ಉಳಿದದ್ದು ಸುಲಭದ ಕೆಲಸ.

ಕೆಳಗೇ ಯಾಕೆ? ಮಾಡಿನಿಂದ ಬಿದ್ದ ನೀರು ಅಂಗಳದ ಕೆಂಪು ಮಣ್ಣನ್ನು ಎರಚುತ್ತದೆ, ಆ ಮಣ್ಣು ತೇವವನ್ನು ತಗಡಿಗೆ ಅಂಟಿಸಿ ಇಡುತ್ತದೆ. ತಗಡಿನ ಹಿಂದೆ ಚೌಕಟ್ಟಿಗೆಂದು ಕೊಟ್ಟ ಎಲ್ ಆಕಾರದ ಆ್ಯಂಗಲ್ ಕೆಳಗಿನ ಅಡ್ಡಪಟ್ಟಿಯಲ್ಲಿ ಪುಟ್ಟ ತೊಟ್ಟಿಯಾಗುತ್ತದೆ: ತಗಡಿನ ಮೇಲೆ ಇಳಿದ ನೀರು, ಧೂಳು, ತರಗೆಲೆ ಎಲ್ಲ ಅಲ್ಲೇ ನಿಲ್ಲುತ್ತವೆ. ತಗಡು ಮತ್ತು ಆ್ಯಂಗಲ್ ಒಂದರ ಮೇಲೊಂದು ಕೂತಿರುವ ಸಂದಿಗೆ ಬ್ರಷ್ ಹೋಗುವುದಿಲ್ಲ, ನೀರು ಹೋಗುತ್ತದೆ. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಹಲವು ಪಟ್ಟು ಹೆಚ್ಚುವುದರಿಂದ ಸಂದಿಯೊಳಗಿನ ತುಕ್ಕು ತಗಡನ್ನೇ ಹೊರಕ್ಕೆ ದೂಡುತ್ತದೆ. ಹೊರಗಿನಿಂದ ನಾವು ಕಾಣುವ ಗುಳ್ಳೆ ಅದರ ಕೊನೆಯ ಹಂತ.

ತೋಟದ ಮನೆಗಳಲ್ಲಿ ಇನ್ನೂ ಎರಡು ಕಾರಣಗಳಿವೆ. ಕಾರ್ ಶೆಡ್ಡಿನ ಬಾಗಿಲಿಗೆ ಒರಗಿಸಿಟ್ಟ ಪೊಟ್ಯಾಷ್ ಚೀಲ ಒಂದು. ಅದು ಪೊಟ್ಯಾಸಿಯಂ ಕ್ಲೋರೈಡ್, ಕಬ್ಬಿಣದ ಪಾಲಿಗೆ ಸಮುದ್ರದ ಉಪ್ಪಿಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಇನ್ನೊಂದು ಮೈಲುತುತ್ತು, ಎಂದರೆ ತಾಮ್ರದ ಸಲ್ಫೇಟ್. ಅಡಿಕೆಗೆ ಸಿಂಪಡಿಸಲು ಮೈಲುತುತ್ತು, ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಕಲಸುವವರಿಗೆ ಗೊತ್ತು: ಸುಣ್ಣ ಸಾಕಾಗಿದೆಯೇ ಎಂದು ನೋಡಲು ದ್ರಾವಣದಲ್ಲಿ ಕತ್ತಿ ಅದ್ದುತ್ತಾರೆ, ಅಲಗಿನ ಮೇಲೆ ಕೆಂಪು ತಾಮ್ರ ಕೂತರೆ ಸುಣ್ಣ ಇನ್ನೂ ಬೇಕು. ಅಲಗಿನ ಮೇಲೆ ತಾಮ್ರ ಕೂತಿದೆ ಎಂದರೆ ಅಷ್ಟು ಕಬ್ಬಿಣ ಕರಗಿ ಹೋಗಿದೆ ಎಂದೇ ಅರ್ಥ. ಮೈಲುತುತ್ತು ಕರಗಿಸಿದ ನೀರು ಬಾಗಿಲಿನ ಬುಡಕ್ಕೆ ಚೆಲ್ಲಿದರೂ ಆಗುವುದು ಇದೇ. ಬಣ್ಣಕ್ಕೆ ಮೊದಲು ಡ್ರಮ್ಮು, ಚೀಲಗಳಿಗೆ ಬೇರೆ ಜಾಗ ನೋಡಿ. ಇಲ್ಲವಾದರೆ ಮುಂದೆ ಹೇಳುವ ಯಾವ ಕೆಲಸವೂ ಬಾಳುವುದಿಲ್ಲ.

ಕಾಲದ ಮಾತು. ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಬೀಳುವ ನಮ್ಮಲ್ಲಿ ಡಿಸೆಂಬರ್ ನಡುವಿನಿಂದ ಮಾರ್ಚ್‌ವರೆಗಿನ ದಿನಗಳೇ ಸರಿ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಗುಡುಗು ಮಳೆ ಮುಗಿದಿರುತ್ತದೆ, ಬಿಸಿಲು ಇನ್ನೂ ಸುಡುವಷ್ಟು ಏರಿರುವುದಿಲ್ಲ. ಮಳೆಗಾಲಕ್ಕೆ ಸ್ವಲ್ಪ ಮೊದಲು, ಮೇ ಕೊನೆಗೆ ಬರುವ ಪತ್ತನಾಜೆ ಹತ್ತಿರವಾದಾಗ ಅವಸರದಲ್ಲಿ ಬಳಿಸುವ ಅಭ್ಯಾಸ ಹಲವರಿಗಿದೆ. ಮೇ ತಿಂಗಳ ಮಧ್ಯಾಹ್ನ ಪಶ್ಚಿಮಕ್ಕೆ ಮುಖ ಮಾಡಿದ ತಗಡು ಕೈಯಿಡಲಾಗದಷ್ಟು ಕಾದಿರುತ್ತದೆ. ಅದರ ಮೇಲೆ ಎನಾಮಲ್ ಎಳೆದರೆ ಟರ್ಪೆಂಟೈನ್ ಕ್ಷಣದಲ್ಲಿ ಹಾರಿ, ಬ್ರಷ್ ಎಳೆದ ಗೆರೆಗಳು ಹಾಗೇ ಉಳಿಯುತ್ತವೆ. ಮೇಲ್ಪದರ ಕೆನೆಗಟ್ಟಿ ಒಳಗಿನದು ಹಸಿಯಾಗಿಯೇ ಇರುತ್ತದೆ. ಚಳಿಯ ದಿನಗಳ ತೊಂದರೆ ಬೇರೆ. ಬೆಳಿಗ್ಗೆ ತಗಡಿನ ಮೇಲೆ ಇಬ್ಬನಿ ಇರುತ್ತದೆ, ಕಣ್ಣಿಗೆ ಕಾಣದಷ್ಟು ತೆಳುವಾಗಿಯೂ ಇರಬಹುದು. ತಗಡಿನ ಉಷ್ಣತೆ ಇಬ್ಬನಿ ಕಟ್ಟುವ ಮಟ್ಟಕ್ಕಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು, ಗಾಳಿಯ ತೇವಾಂಶ ಶೇ. 85 ಮೀರಬಾರದು ಎಂಬುದು ಬಣ್ಣದ ಕೆಲಸದ ನಿಯಮ. ಮಾಪಕ ಇಲ್ಲದವರಿಗೆ ಸುಲಭದ ದಾರಿ: ಒದ್ದೆ ಬಟ್ಟೆಯಿಂದ ಒಂದು ಅಂಗೈ ಅಗಲ ಒರೆಸಿ, ಹದಿನೈದು ನಿಮಿಷದಲ್ಲಿ ಪೂರ್ತಿ ಆರಿದರೆ ಬಳಿಯಬಹುದು. ಸಾಮಾನ್ಯವಾಗಿ ಹತ್ತು ಗಂಟೆಗೆ ಹಿಡಿದು ಮೂರೂವರೆಗೆ ಬ್ರಷ್ ತೊಳೆದರೆ ಒಳ್ಳೆಯದು. ಸಂಜೆ ಐದಕ್ಕೆ ಬಳಿದ ಎನಾಮಲ್ ರಾತ್ರಿಯ ತೇವಕ್ಕೆ ಹೊಳಪು ಕಳೆದುಕೊಂಡು ಬಿಳಚಿಕೊಳ್ಳುತ್ತದೆ.

ಕೆಲಸಕ್ಕೆ ಮೊದಲು ಸುತ್ತಿಗೆಯ ಹಿಡಿಯಿಂದ ಕೆಳಭಾಗವನ್ನು ತಟ್ಟುತ್ತ ಬನ್ನಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ತಿಂದು ಹೋದದ್ದು ಡಬ್ ಎನ್ನುತ್ತದೆ. ಡಬ್ ಎಂದ ಕಡೆ ಸ್ಕ್ರೂಡ್ರೈವರ್ ತುದಿ ಒತ್ತಿ. ಒಳಗೆ ಹೋದರೆ ಅದು ಪೈಂಟರ್ ಕೆಲಸವಲ್ಲ, ವೆಲ್ಡಿಂಗ್ ಅಂಗಡಿಯದು. ಕೊಳೆತ ಭಾಗವನ್ನು ಒಳ್ಳೆಯ ತಗಡು ಸಿಗುವವರೆಗೆ ಕತ್ತರಿಸಿ 18 ಗೇಜಿನ, ಎಂದರೆ ಸುಮಾರು 1.2 ಮಿ.ಮೀ. ದಪ್ಪದ ಪಟ್ಟಿ ಹಾಕಿಸಿ. ತೂತಿಗೆ ಪುಟ್ಟಿ ಮೆತ್ತಿ ಬಣ್ಣ ಬಳಿದರೆ ಒಂದೇ ಮಳೆಗಾಲ. ವೆಲ್ಡರ್ ಬಂದಾಗಲೇ ಇನ್ನೆರಡು ಕೆಲಸ ಮಾಡಿಸಿಕೊಳ್ಳಿ: ಕೆಳಗಿನ ಆ್ಯಂಗಲ್‌ನಲ್ಲಿ ಅಡಿಗೊಂದರಂತೆ 8 ಮಿ.ಮೀ. ತೂತು ನೀರು ಇಳಿಯಲು, ಮತ್ತು ಬಾಗಿಲು ನೆಲಕ್ಕೆ ತಾಗುತ್ತಿದ್ದರೆ ಬಿಜಾಗರಿ ಎತ್ತಿ ಒಂದು ಇಂಚು ಸಂದು. ಚೌಕಟ್ಟು ಟೊಳ್ಳು ಪೈಪಿನದ್ದಾದರೆ ಮೇಲಿನ ಬಾಯಿ ಮುಚ್ಚಿಸಿ, ಕೆಳಗೆ ತೂತು ಕೊಡಿಸಿ. ವೆಲ್ಡಿಂಗ್ ಆದ ಜಾಗದ ಕಿಟ್ಟವನ್ನು ಸುತ್ತಿಗೆಯಿಂದ ಕೆರೆದು ನೀರು ಹಾಕಿ ಉಜ್ಜಿ. ಅದು ಉಳಿದರೆ ಅಲ್ಲಿಂದಲೇ ಬಣ್ಣ ಏಳುತ್ತದೆ.

ಇನ್ನು ಹೆಚ್ಚಿನವರು ಬಿಟ್ಟುಬಿಡುವ ಕೆಲಸ, ತೊಳೆಯುವುದು. ಎಮರಿ ಹಿಡಿಯುವ ಮೊದಲೇ ತೊಳೆಯಬೇಕು. ಬಿಜಾಗರಿ, ಚಿಲಕದ ಸುತ್ತಲಿನ ಗ್ರೀಸನ್ನು ಟರ್ಪೆಂಟೈನ್ ಬಟ್ಟೆಯಿಂದ ತೆಗೆದು, ಆಮೇಲೆ ಸಾಬೂನು ಪುಡಿಯ ನೀರು, ಆಮೇಲೆ ಹೋಸ್ ಪೈಪಿನಿಂದ ಧಾರಾಳ ಸಿಹಿನೀರು. ಕರಾವಳಿಯ ಕೆಲವು ಬಾವಿಗಳಲ್ಲಿ ಬೇಸಿಗೆಗೆ ಉಪ್ಪು ಏರುತ್ತದೆ, ಆ ನೀರು ಬೇಡ. ಕಡಲ ಗಾಳಿ ತಂದು ಕೂರಿಸಿದ ಉಪ್ಪನ್ನೂ ಗ್ರೀಸನ್ನೂ ತೊಳೆಯದೆ ಉಜ್ಜಿದರೆ ಎರಡೂ ತಗಡಿನ ಗೀರುಗಳೊಳಗೆ ಹೋಗಿ ಕೂರುತ್ತವೆ. ಗಮನಿಸಬೇಕಾದ್ದು, ಮಳೆ ತಾಗುವ ಹೊರಮೈಗಿಂತ ಮಾಡಿನ ಅಡಿಯ ಭಾಗ ಮತ್ತು ಒಳಮೈಯಲ್ಲಿ ಉಪ್ಪು ಹೆಚ್ಚು. ಹೊರಗಿನದ್ದನ್ನು ಮಳೆ ತೊಳೆಯುತ್ತದೆ, ಒಳಗಿನದ್ದನ್ನು ಯಾರೂ ತೊಳೆಯುವುದಿಲ್ಲ. ಕಡಲಿನಿಂದ ದೂರದ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಉಪ್ಪಿನ ಕಾಟ ಕಡಿಮೆ. ಅಲ್ಲಿ ತೋಟದ ನೆರಳಿನ ಪಾಚಿಯನ್ನು ಹಿಡಿಸೂಡಿ ಹಾಕಿ ತಿಕ್ಕಿ ತೆಗೆಯಬೇಕು.

ಹಳೆಯ ಬಣ್ಣ ಪೂರ್ತಿ ತೆಗೆಯಬೇಕೇ? ಮೇಲಿನ ಭಾಗದಲ್ಲಿ ಬೇಕಾಗಿಲ್ಲ, ಹಿಡಿತ ಗಟ್ಟಿಯಿದ್ದರೆ. ಪರೀಕ್ಷೆ ಹೀಗೆ: ಬ್ಲೇಡಿನಿಂದ 2 ಮಿ.ಮೀ. ಅಂತರದಲ್ಲಿ ಆರು ಗೆರೆ ಉದ್ದಕ್ಕೆ, ಆರು ಅಡ್ಡಕ್ಕೆ, ತಗಡು ಮುಟ್ಟುವಷ್ಟು ಆಳ. ಮೇಲೆ ಒಳ್ಳೆಯ ಅಂಟುಪಟ್ಟಿ ಒತ್ತಿ ಒಮ್ಮೆಲೇ ಕಿತ್ತು ನೋಡಿ. ಚೌಕಗಳು ಪಟ್ಟಿಯ ಜೊತೆ ಬಂದರೆ ಆ ಬಣ್ಣ ಹೋಗಲೇಬೇಕು. ಗಟ್ಟಿಯಾಗಿ ಕೂತಿದ್ದರೆ 120 ನಂಬರ್ ಎಮರಿಯಿಂದ ಹೊಳಪು ಸಾಯುವವರೆಗೆ ಉಜ್ಜಿದರೆ ಸಾಕು. ಹಳೆಯ ಬಣ್ಣ ಅಲ್ಯೂಮಿನಿಯಂ ಪೈಂಟ್ ಆಗಿದ್ದರೆ ಸ್ವಲ್ಪ ಜೋರಾಗಿಯೇ ಉಜ್ಜಿ. ಅದರ ಬೆಳ್ಳಿ ಚಕ್ಕೆಗಳು ಮೇಲ್ಮೈಗೆ ತೇಲಿ ಸಡಿಲವಾಗಿ ಕೂತಿರುತ್ತವೆ, ಮೇಲಿನ ಬಣ್ಣ ಅವಕ್ಕೆ ಅಂಟಿದರೂ ಅವು ತಗಡಿಗೆ ಅಂಟಿರುವುದಿಲ್ಲ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದೆಂಬ ನಿಯಮ ಭಾರತದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಅದಕ್ಕಿಂತ ಹಳೆಯ ಹಳದಿ, ಹಸಿರು, ಕೆಂಪು ಎನಾಮಲ್‌ನಲ್ಲಿ ಸೀಸ ಇರಬಹುದು. ಹಳೆಯ ಪ್ರೈಮರ್‌ನಲ್ಲಿ ಝಿಂಕ್ ಕ್ರೋಮೇಟ್ ಇರಬಹುದು, ಅದು ಕ್ಯಾನ್ಸರ್‌ಕಾರಕ. ಹಾಗಾಗಿ ಅಂಥ ಕಡೆ ನೀರು ಹಾಕಿ ಉಜ್ಜುವ ಕಪ್ಪು ಎಮರಿ ಬಳಸಿ, ಎನ್95 ಮಾಸ್ಕ್ ಹಾಕಿ, ಮಕ್ಕಳನ್ನು ದೂರವಿಡಿ. ಕೆರೆದ ಚೂರುಗಳನ್ನು ಅಡಿಗೆ ಹಾಸಿದ ಪ್ಲಾಸ್ಟಿಕ್ ಸಮೇತ ಕಟ್ಟಿಡಿ, ತೋಟಕ್ಕೆ ಗುಡಿಸಬೇಡಿ.

ಕೆಳಗಿನ ಒಂದಡಿಯಲ್ಲಿ ರಿಯಾಯಿತಿ ಇಲ್ಲ. ಬರಿ ಕಬ್ಬಿಣ ಕಾಣುವವರೆಗೆ ತೆಗೆಯಬೇಕು. ಮೊದಲು ಬಣ್ಣ ಕೆರೆಯುವ ಕಬ್ಬಿಣದ ಪಟ್ಟಿಯಿಂದ ಕೆರೆದು, ಆಮೇಲೆ ಗ್ರೈಂಡರಿಗೆ ತಂತಿಯ ಕಪ್ ಬ್ರಷ್. ಕಪ್ ಬ್ರಷ್ಷಿನ ಮೋಸ ಒಂದಿದೆ: ಗಟ್ಟಿ ತುಕ್ಕನ್ನು ಅದು ತೆಗೆಯದೆ ತಿಕ್ಕಿ ಹೊಳೆಸಿಬಿಡುತ್ತದೆ. ಕಂದು ಬಣ್ಣದಲ್ಲಿ ಮಿರುಗುವ ಜಾಗ ಕಂಡರೆ ಅದು ಕಬ್ಬಿಣವಲ್ಲ, ಪಾಲಿಶ್ ಆದ ತುಕ್ಕು. ಅಲ್ಲಿ 60 ನಂಬರ್ ಎಮರಿಯಿಂದ ಕೈಯಲ್ಲೇ ಉಜ್ಜಿ ಬೂದು ಬಣ್ಣ ತರಬೇಕು. ಗ್ರೈಂಡರಿಗೆ ಉಜ್ಜುವ ಡಿಸ್ಕ್ ಹಾಕಿ ಒಂದೇ ಕಡೆ ಒತ್ತಬೇಡಿ. ತೆಳು ತಗಡು ಬಿಸಿಯಾಗಿ ಸೊಟ್ಟಗಾಗುತ್ತದೆ. ಕಪ್ ಬ್ರಷ್ಷಿನ ತಂತಿಗಳು ಹಾರುತ್ತವೆ, ಕಣ್ಣಿಗೆ ಕನ್ನಡಕ ಇಲ್ಲದೆ ಗ್ರೈಂಡರ್ ಮುಟ್ಟುವುದೇ ಬೇಡ.

ಉಜ್ಜಿ ಮುಗಿದ ಮೇಲೆ ಆ ಭಾಗವನ್ನು ಇನ್ನೊಮ್ಮೆ ಸಿಹಿನೀರಿನಲ್ಲಿ ಬ್ರಷ್ ಹಾಕಿ ತೊಳೆದು, ಬಟ್ಟೆಯಿಂದ ಒರೆಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಇಡೀ ಮೈಯಲ್ಲಿ ತೆಳು ಕಿತ್ತಳೆ ಬಣ್ಣ ಬಂದಿದ್ದರೆ ಗಾಬರಿ ಬೇಡ, ಅದು ನೀರಿನ ಮೇಲ್ಮೈ ತುಕ್ಕು, ಎಮರಿಯಲ್ಲಿ ಎರಡು ಎಳೆತಕ್ಕೆ ಹೋಗುತ್ತದೆ. ನೋಡಬೇಕಾದ್ದು ಗುಳಿಗಳನ್ನು. ಸಾಸಿವೆ ಗಾತ್ರದ ಗುಳಿಗಳು ಮಾತ್ರ ಕಡುಕಂದು ಬಣ್ಣಕ್ಕೆ ತಿರುಗಿ ಒದ್ದೆಯೊದ್ದೆಯಾಗಿ ಕಂಡರೆ ಒಳಗೆ ಉಪ್ಪು ಉಳಿದಿದೆ. ಉಪ್ಪು ಗಾಳಿಯಿಂದಲೇ ತೇವ ಎಳೆದುಕೊಳ್ಳುತ್ತದೆ. ಇದರ ಮೇಲೆ ಎಷ್ಟು ದುಬಾರಿ ಪ್ರೈಮರ್ ಹಚ್ಚಿದರೂ ಅಡಿಯಿಂದ ಗುಳ್ಳೆ ಏಳುತ್ತದೆ. ಮತ್ತೆ ತೊಳೆದು, ಮತ್ತೆ ಉಜ್ಜಿ. ಎರಡನೆಯ ಸಲಕ್ಕೆ ಹೆಚ್ಚಾಗಿ ಸರಿಯಾಗುತ್ತದೆ.

ಈ ಒಂದಡಿಗೆ ರೆಡ್ ಆಕ್ಸೈಡ್ ಸಾಲದು. ಬೇಸ್, ಹಾರ್ಡನರ್ (ಗಟ್ಟಿಯಾಗಿಸುವ ದ್ರವ) ಎಂದು ಎರಡು ಡಬ್ಬಿಯಲ್ಲಿ ಬರುವ ಎಪಾಕ್ಸಿ ಝಿಂಕ್ ಫಾಸ್ಫೇಟ್ ಪ್ರೈಮರ್ ತನ್ನಿ. ಒಂಬತ್ತಡಿ ಅಗಲದ ಬಾಗಿಲಿನ ಬುಡಕ್ಕೆ ಎರಡೂ ಮೈ, ಆ್ಯಂಗಲ್, ಅಂಚು ಸೇರಿ ಸುಮಾರು 30 ಚದರಡಿ. ಎರಡು ಕೈಗೆ ಒಂದು ಲೀಟರಿನ ಪ್ಯಾಕ್ ಸಾಕು. ಬೇಸ್ ಮತ್ತು ಹಾರ್ಡನರ್‌ನ ಪ್ರಮಾಣ ಡಬ್ಬಿಯ ಮೇಲೆ ಇದ್ದಂತೆಯೇ, ಅಳತೆಯ ಲೋಟದಲ್ಲಿ. ಕಣ್ಣಂದಾಜು ಇಲ್ಲಿ ನಡೆಯುವುದಿಲ್ಲ. ಹಾರ್ಡನರ್ ಹೆಚ್ಚು ಹಾಕಿದರೆ ಬೇಗ ಒಣಗುತ್ತದೆ ಎಂಬ ನಂಬಿಕೆ ಸುಳ್ಳು, ಪದರ ಪೂರ್ತಿ ಗಟ್ಟಿಯಾಗುವುದೇ ಇಲ್ಲ. ಒಂದು ಹೊತ್ತಿಗೆ ಬೇಕಾದಷ್ಟೇ ಕಲಸಿ. ತೆಳು ಮಾಡಲು ಎಪಾಕ್ಸಿಯದ್ದೇ ಥಿನ್ನರ್, ಟರ್ಪೆಂಟೈನ್ ಅಲ್ಲ.

ಗಡಿಯ ಗೆರೆಯಲ್ಲಿ ಎಚ್ಚರಿಕೆ ಬೇಕು. ಎಪಾಕ್ಸಿಯ ಥಿನ್ನರ್ ಖಾರ, ಹಳೆಯ ಎನಾಮಲ್ ಮೇಲೆ ಬಿದ್ದರೆ ಅದು ಸುಕ್ಕುಗಟ್ಟಿ ಏಳುತ್ತದೆ. ಆದ್ದರಿಂದ ಬರಿ ಕಬ್ಬಿಣದ ಭಾಗ ಮುಗಿಯುವಲ್ಲಿ ನೇರ ಗೆರೆಗೆ ಅಂಟುಪಟ್ಟಿ ಹಚ್ಚಿ, ಎಪಾಕ್ಸಿಯನ್ನು ಅದರ ಕೆಳಗೇ ನಿಲ್ಲಿಸಿ. ಆಮೇಲೆ ಮೇಲಿನ ಭಾಗಕ್ಕೆ ಹಚ್ಚುವ ಸಾದಾ ಪ್ರೈಮರನ್ನು ಎರಡು ಇಂಚು ಕೆಳಕ್ಕೆ ಎಪಾಕ್ಸಿಯ ಮೇಲೆ ಎಳೆದರೆ ಕೂಡಿಕೊಳ್ಳುತ್ತದೆ. ಎನಾಮಲ್ ಮೇಲೆ ಎಪಾಕ್ಸಿ ಆಗದು, ಎಪಾಕ್ಸಿ ಮೇಲೆ ಎನಾಮಲ್ ಆಗುತ್ತದೆ. ತೇವದ ಗಾಳಿಯಲ್ಲಿ ಒಣಗಿದ ಎಪಾಕ್ಸಿಯ ಮೇಲೆ ಜಿಡ್ಡು ಜಿಡ್ಡಾದ ತೆಳು ಪೊರೆ ಬರುವುದುಂಟು. ಮರುದಿನ ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ 220 ನಂಬರಿನಿಂದ ಹಗುರವಾಗಿ ಉಜ್ಜಿ ಮುಂದಿನ ಕೈ. ಎಪಾಕ್ಸಿ ಬಿಸಿಲಿಗೆ ಪುಡಿಪುಡಿಯಾಗುವ ಜಾತಿ, ಮೇಲೆ ಬಣ್ಣ ಬೇಕೇ ಬೇಕು.

ತಗಡು ಮತ್ತು ಆ್ಯಂಗಲ್‌ನ ಸಂದಿಗೆ ಎಪಾಕ್ಸಿ ಒಣಗಿದ ಮೇಲೆ ಪಿಯು (ಪಾಲಿಯುರಿಥೇನ್) ಸೀಲೆಂಟ್ ತುಂಬಿ ಬೆರಳಿನಿಂದ ಸವರಿ. ಸಿಲಿಕಾನ್ ಬೇಡ, ಅದರ ಮೇಲೆ ಯಾವ ಬಣ್ಣವೂ ನಿಲ್ಲುವುದಿಲ್ಲ. ಮೇಲಿನ ಮತ್ತು ಬದಿಯ ಸಂದಿಗಳನ್ನು ಮುಚ್ಚಿ, ಕೆಳಗಿನದ್ದನ್ನು ತೂತುಗಳ ಹತ್ತಿರ ಬಿಡಿ. ಒಳಗೆ ಹೋದ ನೀರಿಗೆ ಹೊರಗೆ ಬರಲು ದಾರಿ ಬೇಕಲ್ಲ.

ತುಕ್ಕನ್ನು ಕಪ್ಪಾಗಿಸುವ ರಸ್ಟ್ ಕನ್ವರ್ಟರ್ ಬಗ್ಗೆ ಎರಡು ಮಾತು. ಅದರಲ್ಲಿ ಫಾಸ್ಫಾರಿಕ್ ಆ್ಯಸಿಡ್ ಅಥವಾ ಟ್ಯಾನಿಕ್ ಆ್ಯಸಿಡ್ ಇರುತ್ತದೆ. ಬಾಳೆಕಾಯಿ ಕತ್ತರಿಸಿದ ಕಬ್ಬಿಣದ ಕತ್ತಿ ಕಪ್ಪಾಗುವುದು ಟ್ಯಾನಿನ್‌ನ ಇದೇ ಗುಣದಿಂದ. ಮೇಲ್ಭಾಗದ ಚುಕ್ಕೆ ತುಕ್ಕು, ಮೂಲೆಗಳಿಗೆ ಅದು ಉಪಯೋಗಕ್ಕೆ ಬರುತ್ತದೆ. ಆದರೆ ಸಡಿಲ ತುಕ್ಕಿನ ಮೇಲೆ ಸುರಿದರೆ ಮೇಲ್ಪದರ ಮಾತ್ರ ಕಪ್ಪಾಗಿ ಅಡಿಯದ್ದು ಹಾಗೇ ಉಳಿಯುತ್ತದೆ, ಬರಿ ಕಬ್ಬಿಣಕ್ಕೆ ಹಚ್ಚಿದರೆ ಪ್ರಯೋಜನವೇ ಇಲ್ಲ. ಫಾಸ್ಫಾರಿಕ್ ಇರುವಂಥದ್ದು ಒಣಗಿದಾಗ ಬಿಳಿ ಪುಡಿ ಬಿಡುತ್ತದೆ, ಅದನ್ನು ಒರೆಸಿ ತೆಗೆಯಬೇಕು. ಎಪಾಕ್ಸಿ ಹಾಕುವ ಕಡೆ ಇದನ್ನು ಬಳಸದಿರುವುದೇ ಕ್ಷೇಮ.

ಮೇಲಿನ ಭಾಗಕ್ಕೆ ರೆಡ್ ಆಕ್ಸೈಡ್ ಪ್ರೈಮರ್ ಸಾಕು, ಎರಡು ಕೈ. ಎರಡನೆಯ ಕೈಗೆ ಬೂದು ಬಣ್ಣದ ಝಿಂಕ್ ಫಾಸ್ಫೇಟ್ ಪ್ರೈಮರ್ ತಂದರೆ ಎಲ್ಲಿ ತಪ್ಪಿದೆ ಎಂಬುದು ಕೆಂಪು ಇಣುಕಿದಾಗಲೇ ಗೊತ್ತಾಗುತ್ತದೆ. ಕೂಲಿಗೆ ಕೊಟ್ಟು ಮಾಡಿಸುವವರಿಗೆ ಇದು ಇನ್ನೂ ಒಳ್ಳೆಯ ಉಪಾಯ. ಪ್ರತಿ ಸಲವೂ ಮೊದಲು ಅಂಚು, ವೆಲ್ಡಿಂಗ್ ಗೆರೆ, ಬೋಲ್ಟ್ ತಲೆಗಳಿಗೆ ಒಂದು ಇಂಚಿನ ಬ್ರಷ್ಷಿನಿಂದ ಬೇರೆಯೇ ಒಂದು ಕೈ ಕೊಟ್ಟು, ಆಮೇಲೆ ಹರವಿಗೆ ಹೋಗಿ. ಹಸಿ ಬಣ್ಣ ಚೂಪು ಅಂಚಿನಿಂದ ಹಿಂದಕ್ಕೆ ಸರಿಯುತ್ತದೆ. ಮೈಯಲ್ಲಿ ದಪ್ಪ ಕೂತರೂ ಅಂಚಿನಲ್ಲಿ ಅರ್ಧವೂ ಉಳಿಯುವುದಿಲ್ಲ. ತುಕ್ಕು ಅಂಚಿನಿಂದ ಶುರುವಾಗುವ ಗುಟ್ಟು ಇದೇ. ರೆಡ್ ಆಕ್ಸೈಡ್ ಬಳಿದು "ಬಣ್ಣ ಮುಂದಿನ ತಿಂಗಳು ನೋಡುವಾ" ಎಂದು ಬಿಟ್ಟರೆ ಆ ಪ್ರೈಮರ್ ತೇವ ಕುಡಿದು ಅಡಿಯಲ್ಲಿ ತುಕ್ಕು ಶುರುಮಾಡಿರುತ್ತದೆ. ಒಂದು ವಾರದೊಳಗೆ ಮೇಲಿನ ಬಣ್ಣ ಬೀಳಬೇಕು.

ಸಣ್ಣ ತಗ್ಗುಗಳಿಗೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪುಟ್ಟಿ, ಪ್ರೈಮರ್ ಮೇಲೆಯೇ, ತೆಳುವಾಗಿ. ದೊಡ್ಡ ನೆಗ್ಗಿಗೆ ಹಾರ್ಡನರ್ ಬೆರೆಸುವ ಕಾರಿನ ಪುಟ್ಟಿ. ಗೋಡೆಯ ಪುಟ್ಟಿ ಉಳಿದಿದೆಯೆಂದು ಅದನ್ನು ಮೆತ್ತಬೇಡಿ. ಪುಟ್ಟಿ ಉಜ್ಜಿದ ಜಾಗಕ್ಕೆ ಮತ್ತೆ ಪ್ರೈಮರ್ ಮುಟ್ಟಿಸದಿದ್ದರೆ ಅಲ್ಲಿ ಎನಾಮಲ್ ಹೀರಿಕೊಂಡು ಮಂಕು ಕಲೆ ಕಾಣುತ್ತದೆ.

ಸಾಮಾನಿನ ಲೆಕ್ಕ ಹೀಗೆ. 9 ಅಡಿ ಅಗಲ, 8 ಅಡಿ ಎತ್ತರದ ಎರಡು ರೆಕ್ಕೆಯ ಬಾಗಿಲು ಒಂದು ಮೈಗೆ 72 ಚದರಡಿ, ಎರಡೂ ಮೈ 144, ಚೌಕಟ್ಟು ಅಂಚು ಸೇರಿಸಿ 170 ಹಿಡಿಯಿರಿ. ಉಜ್ಜಿದ ಕಬ್ಬಿಣದ ಮೇಲೆ ಬ್ರಷ್ಷಿನಲ್ಲಿ ಒಂದು ಲೀಟರ್ ಪ್ರೈಮರ್ ಸುಮಾರು 100 ಚದರಡಿ ಬರುತ್ತದೆ. ಎಪಾಕ್ಸಿಯ ಭಾಗ ಕಳೆದರೆ 140 ಚದರಡಿಗೆ ಎರಡು ಕೈ, ಒಟ್ಟು ಮೂರು ಲೀಟರ್. ಎನಾಮಲ್ ಲೀಟರಿಗೆ 120 ಚದರಡಿ ಎಂದಿಟ್ಟರೆ ಎರಡು ಕೈಗೆ ಮೂರು ಲೀಟರ್. ಟರ್ಪೆಂಟೈನ್ ಎರಡು ಲೀಟರ್, ಬ್ರಷ್ ತೊಳೆಯುವುದೂ ಸೇರಿ. ಎಮರಿ 60 ಮತ್ತು 80ರ ಹತ್ತು ಹಾಳೆ, 120ರ ಎಂಟು, 220ರ ನಾಲ್ಕು. ಶಟರ್ ಆದರೆ ಪಟ್ಟಿಗಳ ಉಬ್ಬುತಗ್ಗಿಗೆ ಕಾಲು ಭಾಗ ಹೆಚ್ಚು ಹಿಡಿಯಬೇಕು.

ಎನಾಮಲ್‌ಗೆ ಟರ್ಪೆಂಟೈನ್ ನೂರಕ್ಕೆ ಐದರಿಂದ ಹತ್ತು, ಅದಕ್ಕಿಂತ ಹೆಚ್ಚಲ್ಲ. ಸೀಮೆಎಣ್ಣೆ ಬೆರೆಸಿದರೆ ದಿನಗಟ್ಟಲೆ ಅಂಟಂಟು. ಎನ್‌ಸಿ ಥಿನ್ನರ್ ಬೆರೆಸಿದರೆ ಅಡಿಯ ಪದರವನ್ನೇ ಎಬ್ಬಿಸುತ್ತದೆ. ಹರವಿಗೆ ನಾಲ್ಕು ಇಂಚಿನ ರೋಲರ್ ಹಾಕಿ, ಹಿಂದೆಯೇ ಒಣ ಬ್ರಷ್ಷನ್ನು ಮೇಲಿನಿಂದ ಕೆಳಕ್ಕೆ ಹಗುರವಾಗಿ ಎಳೆದರೆ ಗುಳ್ಳೆ, ರೋಲರ್ ಗುರುತು ಎರಡೂ ಹೋಗುತ್ತವೆ. ಒಂದೇ ಕೈಯಲ್ಲಿ ದಪ್ಪ ಹಚ್ಚಿ ಮುಗಿಸುವ ಆಸೆ ಬೇಡ. ಕೆಳಕ್ಕೆ ಇಳಿದು ನೆರಿಗೆ ಕಟ್ಟುತ್ತದೆ, ಆ ನೆರಿಗೆಯ ಒಳಗು ವಾರವಾದರೂ ಮೆತ್ತಗೇ ಇರುತ್ತದೆ. ಎರಡು ಕೈಗಳ ನಡುವೆ ಒಂದು ರಾತ್ರಿ, ಮತ್ತು 220 ಅಥವಾ 320ರ ಹಗುರ ಉಜ್ಜು. ಬಾಗಿಲಿನ ಕೆಳ ಅಂಚಿನ ಅಡಿಮೈ ಕಣ್ಣಿಗೆ ಬೀಳದು. ಕನ್ನಡಿ ಹಿಡಿದು ನೋಡಿ, ಬಹುಪಾಲು ಬಾಗಿಲುಗಳಲ್ಲಿ ಅಲ್ಲಿಗೆ ಬ್ರಷ್ ಮುಟ್ಟಿಯೇ ಇರುವುದಿಲ್ಲ.

ಇಷ್ಟು ಹೇಳಿದ್ದು ಸಾದಾ ಕಬ್ಬಿಣದ ತಗಡಿಗೆ. ಜಿಐ, ಎಂದರೆ ಸತುವಿನ ಲೇಪವಿರುವ ತಗಡಿನ ಕಥೆ ಬೇರೆ. ಬಣ್ಣ ಹಾಳೆ ಹಾಳೆಯಾಗಿ ಸುಲಿದು, ಅಡಿಯಲ್ಲಿ ಕೆಂಪು ತುಕ್ಕಿನ ಬದಲು ಬಿಳಿ ಪುಡಿ ಅಥವಾ ಹರಳು ಹರಳಾದ ಬೆಳ್ಳಿ ಮೈ ಕಂಡರೆ ಅದು ಜಿಐ. ಎನಾಮಲ್‌ನ ಎಣ್ಣೆಯ ಅಂಶ ಸತುವಿನ ಜೊತೆ ಸೇರಿ ನಡುವೆ ಸಾಬೂನಿನ ಪದರ ಹುಟ್ಟುತ್ತದೆ, ಅದರಿಂದಲೇ ಬಣ್ಣ ಕಳಚುವುದು. ರೆಡ್ ಆಕ್ಸೈಡ್ ಹಾಕಿದರೂ ಅದೇ ಗತಿ, ಅದರಲ್ಲಿರುವುದೂ ಅದೇ ಎಣ್ಣೆ. ಸುಲಿದದ್ದನ್ನು ಪೂರ್ತಿ ತೆಗೆದು, ಬಿಳಿ ಪುಡಿಯನ್ನು ನೈಲಾನ್ ಬ್ರಷ್ಷಿನಿಂದ ತೊಳೆದು, ಸತುವು ಹೋಗದಂತೆ ಹಗುರವಾಗಿ ಉಜ್ಜಿ, ಎಚ್ (etch) ಪ್ರೈಮರ್ ಇಲ್ಲವೇ ಎಪಾಕ್ಸಿ ಪ್ರೈಮರ್ ಹಾಕಬೇಕು. ಅಂಗಡಿಯಲ್ಲಿ ಕೇಳುವಾಗ "ಜಿಐಗೆ" ಎಂದು ಬಾಯಿ ಬಿಟ್ಟು ಹೇಳಿ, ಇಲ್ಲವಾದರೆ ಕೈಗೆ ಬರುವುದು ರೆಡ್ ಆಕ್ಸೈಡೇ.

ಸುತ್ತಿಕೊಳ್ಳುವ ಶಟರಿಗೆ ಬಣ್ಣ ಹಚ್ಚುವಾಗ ಪಟ್ಟಿಗಳು ಒಂದಕ್ಕೊಂದು ಕೊಂಡಿ ಹಾಕಿರುವ ಕಡೆ ಬಣ್ಣ ತುಂಬಬಾರದು. ತುಂಬಿದರೆ ಗಟ್ಟಿಯಾಗಿ, ಮೇಲೆತ್ತುವಾಗ ಕರಕರ ಎಂದು ಬಿರುಕು ಬಿಟ್ಟು, ಆ ಬಿರುಕಿನಲ್ಲಿ ನೀರು. ಬಣ್ಣದ ಬ್ರಷ್ ಹಿಂಡಿ ತೆಳುವಾಗಿ ಎಳೆಯಿರಿ. ಕೊನೆಯ ಕೈ ಆದ ಮೇಲೆ ಕನಿಷ್ಠ ಎರಡು ದಿನ ಶಟರ್ ಇಳಿಸಿಯೇ ಇರಬೇಕು, ಕಾರು ಹೊರಗೆ. ಬೇಗ ಸುತ್ತಿದರೆ ಪಟ್ಟಿ ಪಟ್ಟಿಗೆ ಅಂಟಿ ಬಣ್ಣ ಕಿತ್ತು ಬರುತ್ತದೆ. ಬದಿಯ ಚಾನೆಲ್‌ನ ಒಳಗೆ ಬಣ್ಣವೂ ಬೇಡ, ಗ್ರೀಸೂ ಬೇಡ. ಗ್ರೀಸಿಗೆ ಹೊಯಿಗೆ ಹಿಡಿದು ತಗಡನ್ನೇ ತಿನ್ನುತ್ತದೆ, ಗ್ರಾಫೈಟ್ ಪುಡಿ ಸಾಕು. ಮೇಲಿನ ಡ್ರಮ್ಮಿನ ಸ್ಪ್ರಿಂಗ್ ಬಿಚ್ಚುವ ಸಾಹಸ ಮಾತ್ರ ಯಾರೂ ಮಾಡಬೇಡಿ. ಅದು ಸೆಟೆದು ನಿಂತ ಸ್ಪ್ರಿಂಗ್, ಕೈ ಮುರಿಯುವಷ್ಟು ಬಲ ಅದರಲ್ಲಿದೆ.

ಕೆಲಸ ಮುಗಿದ ದಿನ ಬಣ್ಣ, ಟರ್ಪೆಂಟೈನ್ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಶೆಡ್ಡಿನ ಮೂಲೆಗೆ ಎಸೆಯಬೇಡಿ. ಎಣ್ಣೆಯ ಬಣ್ಣ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಅದು ತಾನಾಗಿಯೇ ಬೆಂಕಿ ಹಿಡಿಯುವವರೆಗೆ ಏರಬಹುದು. ಬಿಡಿಸಿ ಹೊರಗೆ ಹರವಿ ಒಣಗಿಸಿ. ಬ್ರಷ್ ತೊಳೆದ ಟರ್ಪೆಂಟೈನನ್ನು ತೋಡಿಗೆ ಚೆಲ್ಲದೆ ಬಾಟಲಿಯಲ್ಲಿಡಿ. ಬಣ್ಣ ಅಡಿಗೆ ಕೂತ ಮೇಲೆ ಮೇಲಿನ ತಿಳಿ ಮುಂದಿನ ಸಲ ತೊಳೆಯಲು ಬರುತ್ತದೆ.

ಉಳಿದ ಎನಾಮಲ್‌ನಲ್ಲಿ ಕಾಲು ಲೀಟರನ್ನು ಬಾಯಿಯವರೆಗೆ ತುಂಬುವಂಥ ಸಣ್ಣ ಬಾಟಲಿಗೆ ಸೋಸಿ ಹಾಕಿಡಿ. ದೊಡ್ಡ ಡಬ್ಬಿಯಲ್ಲಿ ಖಾಲಿ ಜಾಗದ ಗಾಳಿಗೆ ಕೆನೆಗಟ್ಟಿ ಹಾಳಾಗುತ್ತದೆ. ಮಳೆ ನಿಂತ ಮೇಲೆ ವರ್ಷಕ್ಕೊಮ್ಮೆ ಬಾಗಿಲಿನ ಬುಡವನ್ನು ತೊಳೆದು, ಆ್ಯಂಗಲ್‌ನ ತೂತುಗಳಲ್ಲಿ ತಂತಿ ಆಡಿಸಿ, ಎಲ್ಲಿ ಗೀರು ಬಿದ್ದು ಕೆಂಪು ಕಂಡಿದೆಯೋ ಅಲ್ಲಿ ಎಮರಿ, ಪ್ರೈಮರ್, ಎನಾಮಲ್ ಮುಟ್ಟಿಸಿ. ಬೇಸಿಗೆಯಲ್ಲಿ ಗಿಡಗಳಿಗೆ ನೀರು ಬಿಡುವಾಗ ತಿಂಗಳಿಗೊಮ್ಮೆ ಹೋಸ್ ಪೈಪನ್ನು ಬಾಗಿಲಿನ ಒಳಮೈಗೂ ತಿರುಗಿಸಿ.